ಮೊದಲ ತೀರ್ಥ

ಉದಗೀರದ ಧಾನ್ಯ ವ್ಯಾಪಾರಿಗಳ ಮನೆಯ ಹಿರಿಸೊಸೆ ಸುಗಂಧಾಗೆ ವಿಪರೀತ ಹೊಟ್ಟೆಕಿಚ್ಚು. ಯಾರ ಮೇಲೆ ಎಂದು ಹೇಳಿದರೆ ನಗಬಾರದು. ಗಾಜಿನ ತೊಟ್ಟಿಯಲ್ಲಿದ್ದ ಒಂದು ಪ್ರಾಣಿಯ ಮೇಲೆ.

ಅದು ಆಕ್ಸೊಲಾಟ್ಲ್. ಕಪ್ಪೆಯ ದೂರದ ನೆಂಟ, ಹುಟ್ಟಿನಿಂದ ಸಾಯುವವರೆಗೂ ನೀರಲ್ಲೇ ಇರುವಂಥದ್ದು. ನಾಲ್ಕು ಗಿಡ್ಡ ಕಾಲು, ತಲೆಯ ಎರಡೂ ಬದಿಗೆ ಕುಂಚದಂಥ ಕೆಂಪು ಕಿವಿರು. ಕಿರಿಸೊಸೆ ಅನುರಾಧಾ ಪುಣೆಯಿಂದ ತಂದಿದ್ದಳು. ಅತ್ತೆ ಶಿವಗಂಗಾಬಾಯಿ ಗುಲಾಬಿ ಎಂದು ಹೆಸರಿಟ್ಟರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು.

ಆ ಮನೆಯಲ್ಲಿ ಬೆಳಗಿನ ಲಿಂಗಪೂಜೆ ಮುಗಿದ ಮೇಲೆ ಅತ್ತೆ ವಿಭೂತಿ ಬೆರೆತ ತೀರ್ಥ ಹಂಚುತ್ತಾರೆ. ಮೊದಲ ಚಮಚ ಹಿರಿಸೊಸೆಯ ಅಂಗೈಗೆ. ಮದುವೆಯಾಗಿ ಬಂದಾಗಿನಿಂದ ಸುಗಂಧಾಗೆ ಸಿಕ್ಕ ಮಾನವೆಂದರೆ ಅದೊಂದೇ. ಗುಲಾಬಿ ಬಂದ ಮೇಲೆ ಮೊದಲ ಚಮಚ ತೊಟ್ಟಿಗೆ ಬೀಳತೊಡಗಿತು, ಜೊತೆಗೊಂದು ಚಿಟಿಕೆ ವಿಭೂತಿ.

"ಮೂಕ ಜೀವ ಅದ. ಅದಕ್ಕೂ ಶಿವಾ ಬೇಕಲ್ಲ?" ಎಂದರು ಅತ್ತೆ.

ಮಿಕ್ಕವರು ಗುಲಾಬಿಯನ್ನು ನೋಡಿ ನಕ್ಕು ಹೋಗುತ್ತಿದ್ದರು. ಸುಗಂಧಾ ಮಾತ್ರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದಳು. ಹೀಗಾಗಿ ಕಿವಿರಿಗೆ ಹತ್ತಿ ಅಂಟಿದಂತೆ ಬಿಳುಪು ಹತ್ತಿದ್ದು, ಬಾಲದ ಚರ್ಮ ಪೊರೆಪೊರೆಯಾಗಿ ಸುಲಿದದ್ದು ಮೊದಲು ಕಂಡದ್ದು ಅವಳಿಗೇ. ಬೂದಿಯಿಂದ ಪಾತ್ರೆ ತಿಕ್ಕಿ ತನ್ನ ಕೈ ಸುಲಿದದ್ದು ನೆನಪಾಯಿತು. ಆದರೆ ಬಾಯಿ ಬಿಡುವುದು ಹೇಗೆ? ಬಿಟ್ಟರೆ, ತನಗೆ ತೀರ್ಥ ತಪ್ಪಿತೆಂದು ಆಡುತ್ತಾಳೆ ಅನ್ನುತ್ತಾರೆ. ಅದು ಸುಳ್ಳೂ ಅಲ್ಲ. ಸತ್ತರೆ ಸಾಯಲಿ ಎಂದೂ ಒಮ್ಮೆ ಅನ್ನಿಸಿತು.

ಗುಲಾಬಿ ತಿನ್ನುವುದನ್ನೇ ಬಿಟ್ಟಿತು.

"ಯಾರದೋ ದೃಷ್ಟಿ ತಾಗ್ಯಾದ್ರೀ ಅತ್ತಿ," ಎಂದು ಅನುರಾಧಾ ಅತ್ತಳು.

ಅತ್ತೆ ಈ ಸಲ ಮುಷ್ಟಿ ತುಂಬ ವಿಭೂತಿ ತಂದರು. ಸುಗಂಧಾ ತೊಟ್ಟಿಯ ಮೇಲೆ ಅಂಗೈ ಅಡ್ಡ ಹಿಡಿದಳು.

"ದೃಷ್ಟಿ ನಂದೇ ಅನ್ರಿ. ಆದ್ರ ಬೂದಿ ಹಾಕಬ್ಯಾಡ್ರಿ, ಅದು ಸಾಯ್ತದ. ತೀರ್ಥ ನನಗ ಹಾಕ್ರಿ."

"ಇಷ್ಟ್ ಸಣ್ಣ ಪ್ರಾಣಿ ಮ್ಯಾಲ ಹೊಟ್ಟಿಕಿಚ್ಚೇನ ನಿಂಗ?"

"ಹೌದ್ರಿ, ಹೊಟ್ಟಿಕಿಚ್ಚೇ. ಮೊದಲ ಅದರ ಬಾಲ ನೋಡ್ರಿ."

ನೋಡಿದ ಅತ್ತೆಯ ಮುಷ್ಟಿ ಹಿಂದೆ ಸರಿಯಿತು. ಕರೆಸಿದ ದನದ ಡಾಕ್ಟರೂ ಅದನ್ನೇ ಹೇಳಿದರು: "ಬೂದಿಲಿಂದ ನೀರ ಕೆಟ್ಟು ಚರ್ಮಕ್ಕ ಫಂಗಸ್ ಹತ್ಯಾದ. ಬ್ಯಾರೆ ಟಬ್‌ನ್ಯಾಗ ಇಡ್ರಿ. ಕ್ಲೋರಿನ್ ಇಲ್ಲದ ತಂಪ ನೀರ ದಿನಾ ಬದಲಿ ಮಾಡ್ರಿ. ಕೈಲಿಂದ ಮುಟ್ಟಬ್ಯಾಡ್ರಿ." ಔಷಧಿಯನ್ನೂ ಕೊಟ್ಟರು. ನೀರು ಬದಲಿಸುವ ಕೆಲಸ ಸುಗಂಧಾಳೇ ಹೊತ್ತಳು, ಗೊಣಗುತ್ತ. ಕೆಲವು ವಾರಗಳಲ್ಲಿ ಕಿವಿರಿನ ಬಿಳುಪು ಉದುರಿತು, ಬಾಲ ನುಣುಪಾಯಿತು, ಎರೆಹುಳು ತೋರಿಸಿದರೆ ಗುಲಾಬಿ ಬಾಯಿ ತೆರೆಯಿತು.

ಗುಲಾಬಿ ತೊಟ್ಟಿಗೆ ಮರಳಿದ ಮರುದಿನ ಮೊದಲ ತೀರ್ಥ ಸುಗಂಧಾಳ ಅಂಗೈಗೇ ಬಿತ್ತು. ಗೆದ್ದೆನೆಂದು ಕುಡಿದಳು. ತೊಟ್ಟಿಯ ಪಕ್ಕದಲ್ಲಿ ನಿಂತಿದ್ದ ಅನುರಾಧಾ ಮೆಲ್ಲಗೆ ಅಂದಳು:

"ನಾ ಈ ಮನಿಗಿ ಬಂದಾಗಿಂದ ಒಂದ್ ಸಲನೂ ನನಗ ಮೊದಲ ಸಿಕ್ಕಿಲ್ಲ, ಅಕ್ಕಾ. ಗುಲಾಬಿಗಿ ಸಿಕ್ಕಾಗ ನನಗೇ ಸಿಕ್ಕಂಗ ಆಗ್ತಿತ್ತು."

ಮಾರನೆಯ ಬೆಳಿಗ್ಗೆ ತೀರ್ಥಕ್ಕೆ ನಿಂತಾಗ ಸುಗಂಧಾ ಅನುರಾಧಾಳ ಕೈ ಎಳೆದು ತನ್ನ ಅಂಗೈಯಿಂದ ಸೋರಿದ್ದು ಬೀಳುವಂತೆ ಕೆಳಗೆ ಇಟ್ಟುಕೊಂಡಳು. ಮೇಲೆ ಇಟ್ಟುಕೊಳ್ಳುವಷ್ಟು ದೊಡ್ಡ ಮನಸ್ಸು ಇನ್ನೂ ಬಂದಿರಲಿಲ್ಲ.