ಗೋಡೆ ಹಸಿಯಾದದ್ದು ಯಾರಿಂದ?

ನನಗಾಗ ಅರವತ್ತೊಂಬತ್ತು. ನಾಲ್ಕು ವರ್ಷದ ಹಿಂದಿನ ಮಾತು. ಅಂಕಲಿಯ ನಮ್ಮ ಓಣಿಯಲ್ಲಿ ನಿಂತು ಇಡೀ ಒಂದು ವಾರ ನಾನು ಚಂಪಕ್ಕನ ಜಳಕದ ಮೇಲೆ ಭಾಷಣ ಮಾಡಿದ್ದೆ.

ಚಂಪಕ್ಕ ಪಕ್ಕದ ಮನೆಯಾಕೆ. ಅವಳ ಬಚ್ಚಲಕ್ಕೂ ನಮ್ಮ ಬಚ್ಚಲಕ್ಕೂ ನಡುವೆ ಒಂದೇ ಗೋಡೆ. ನಮ್ಮದನ್ನು ಹೊಸದು ಮಾಡಿಸಲು ಹೊರಟೆವು. ಚಿಕ್ಕೋಡಿಯಿಂದ ಟೈಲ್ಸ್ ಬಂದವು. ಗೌಂಡಿ ದಸ್ತಗೀರ ಹಳೆಯ ಪ್ಲಾಸ್ಟರ್ ಕೆತ್ತಿದ, ಗೋಡೆಗೆ ಅಂಗೈ ಒತ್ತಿದ, ಟೈಲ್ಸ್ ಪೆಟ್ಟಿಗೆಯ ಮೇಲೆ ಕುಳಿತೇಬಿಟ್ಟ.

"ಆಯೀ, ಗೋಡಿ ನೀರ ಕುಡದೈತಿ. ಇದರ ಮ್ಯಾಲ ಟೈಲ್ಸ್ ಹಚ್ಚಿದ್ರ ಮಳಿಗಾಲ ಮುಗಿಯೂದ್ರೊಳಗ ನಿಮ್ಮ ತಲಿ ಮ್ಯಾಲ ಬೀಳ್ತಾವ."

"ನೀರ ಎಲ್ಲಿಂದ ಬರಾಕತ್ತೈತಿ?"

"ನಿಮ್ಮ ಕಡೆಯಿಂದರೆ, ಇಲ್ಲಾ ಅವರ ಕಡೆಯಿಂದರೆ. ಮೂರ ದಿನ ಇಲ್ಲಿ ಜಳಕಾ ಮಾಡಬ್ಯಾಡ್ರಿ. ಆದ್ರೂ ಗೋಡಿ ಒಣಗಲಿಲ್ಲಂದ್ರ ಅವರದ."

ಎಷ್ಟು ಸುಲಭದ ಟೆಸ್ಟ್! ಮೂರು ದಿನ ಮನೆಮಂದಿಯೆಲ್ಲ ಹಿತ್ತಲಲ್ಲಿ ಹಳೆ ಸೀರೆ ಅಡ್ಡ ಕಟ್ಟಿಕೊಂಡು ಜಳಕ ಮಾಡಿದೆವು. (ಮೊಮ್ಮಕ್ಕಳಿಗೆ ಹಬ್ಬ, ಸೊಸೆಗೆ ಸಂಕಟ.) ನಾಲ್ಕನೆಯ ದಿನ ಮುಟ್ಟಿದರೆ ಗೋಡೆ ಇನ್ನೂ ಹಸಿ, ಎಮ್ಮೆಯ ಮೂಗಿನ ಹಾಗೆ.

ನನಗೆ ಇನ್ನೇನು ಬೇಕು?

"ಚಂಪಕ್ಕಾ, ನೀ ಜಳಕಾ ಮಾಡ್ತೀಯೋ, ಕಬ್ಬಿಗೆ ನೀರ ಹಾಯಸ್ತೀಯೋ?"

"ನನ್ನ ಬಚ್ಚಲದಾಗ ಒಂದ ಹನಿ ಸೋರಂಗಿಲ್ಲ ಗಂಗವ್ವಾ. ದೀಪಾವಳಿಗೆ ಹೊಸಾ ಫರಸಿ ಹಾಕ್ಸೇನಿ."

"ಹೊಸಾ ಫರಸಿ ಕೆಳಗ ಹಳೇ ತೂತ ಇರ್ತೈತಿ!"

ಓಣಿ ನಕ್ಕಿತು. ಚಂಪಕ್ಕ ನಗಲಿಲ್ಲ. ಮೊಣಕಾಲು ನೋವಿನ ತಾಯಿ ಜಾರಿ ಬೀಳಬಾರದೆಂದು ಅವಳ ಮಗ ಕೊಲ್ಹಾಪುರವೆಲ್ಲ ತಿರುಗಿ ನೆಲಕ್ಕೆ ಆ ಒರಟು ಫರಸಿ ಕಲ್ಲು ಆರಿಸಿ ತಂದಿದ್ದ. ಆದರೂ ವಾರವಿಡೀ ನನ್ನ ಬಾಯಿ ಕೇಳಿ ಸಾಕಾಗಿ ಅವಳು ದಸ್ತಗೀರನನ್ನು ಕರೆದಳು.

"ನಾಳೆ ಮುಂಜಾನೆ ಬಂದ ಒಡದ ನೋಡಪಾ. ಆಕೀ ಬಾಯಿಯರೆ ಮುಚ್ಚಲಿ."

ಗೆದ್ದೆ ಎಂದುಕೊಂಡೆ. ಅದೇ ಸಂಜೆ ನಳ ಬಂತು.

ನಮ್ಮಲ್ಲಿ ನಳದ ನೀರು ಯಾವಾಗ ಬರುತ್ತದೆಂದು ಯಾರಿಗೆ ಗೊತ್ತು? ಅದಕ್ಕೇ ಬಚ್ಚಲ ಮೂಲೆಯ ನಳ ಸದಾ ತೆರೆದೇ ಇರುತ್ತದೆ, ಕೆಳಗೆ ಬ್ಯಾರಲ್. ತುಂಬಿ ಹರಿದರೂ ನಾನು ಬಂದ್ ಮಾಡುವವಳಲ್ಲ. ಬಂದ ನೀರನ್ನು ಮುಂದಿನ ಮನೆಗೆ ಕಳಿಸಲು ನನಗೇನು ಹುಚ್ಚೇ? ಸರಿಸಿ ಎಂದು ದಸ್ತಗೀರ ಎಷ್ಟು ಹೇಳಿದರೂ ಆ ಬ್ಯಾರಲ್ ಮುಟ್ಟಲು ಬಿಟ್ಟಿರಲಿಲ್ಲ.

ಕೊಡ ತುಂಬಲು ಹೋದವಳು ಬಗ್ಗಿ ನೋಡಿದೆ. ತುಂಬಿದ ಬ್ಯಾರಲಿನ ಹಿಂಬದಿಯಿಂದ ನೀರು ನೇರ ಗೋಡೆಗೇ ಇಳಿಯುತ್ತಿತ್ತು. ಕೈ ಹಾಕಿದರೆ ಪಾಚಿ. ಜಳಕ ಬಿಟ್ಟ ಆ ಮೂರು ದಿನಗಳಲ್ಲೂ ನಳ ಎರಡು ಸಲ ಬಂದಿತ್ತು.

ಹಿಂದೆ ಸೊಸೆ ನಿಂತಿದ್ದಳು.

"ಅತ್ಯಾರ, ನೀವ ಹೇಳ್ತೀರೋ, ನಾ ಹೇಳ್ಲೋ?"

"ನೀ ಒಳಗ ಹೋಗ."

ತಪ್ಪಾಯಿತು ಎನ್ನುವ ಮಾತನ್ನು ಎದುರಿಗೆ ನಿಂತು ಹೇಳಲು ನನಗೆ ಬರುವುದಿಲ್ಲ. ನಿಮಗೆ ಬರುತ್ತದೆಯೇ?

ಮರುದಿನ ಬೆಳಿಗ್ಗೆ ದಸ್ತಗೀರ ಸುತ್ತಿಗೆ ಹಿಡಿದು ಬರುವ ಮೊದಲೇ ಚಂಪಕ್ಕನ ಬಚ್ಚಲ ಹೊಕ್ಕೆ, ಒಳಗಿನಿಂದ ಚಿಲಕ ಹಾಕಿಕೊಂಡೆ, ಅವಳದೇ ಬಿಸಿನೀರು ಮೈಮೇಲೆ ಸುರಿದುಕೊಳ್ಳುತ್ತ ಕೂಗಿ ಹೇಳಿದೆ: "ಫರಸಿ ಒಡಸಬ್ಯಾಡ ಚಂಪಕ್ಕಾ, ಗೋಡಿ ತೋಯ್ಸಿದ್ದು ನನ್ನ ಬ್ಯಾರಲ್!"