ಹುಣಸೆಹಣ್ಣು ಹಾಕಿ ತಿಕ್ಕಿದ ಚಕ್ರಗಳು

ಮೊನ್ನೆ ಕಾರು ತೊಳೆಯುವಾಗ ಚಕ್ರದ ಅಂಚಿನಿಂದ ಈರುಳ್ಳಿ ಸಿಪ್ಪೆಯಂಥ ತೆಳು ಪೊರೆಯೊಂದು ಎದ್ದು ನನ್ನ ಒದ್ದೆ ಬೆರಳಿಗೆ ಅಂಟಿಕೊಂಡಿತು. ಬೆಳಕಿಗೆ ಹಿಡಿದರೆ ಆಚೆ ಬದಿಯ ಗೇಟು ಕಾಣುತ್ತಿತ್ತು. ಬೇರೆಯವರಾಗಿದ್ದರೆ ಚಕ್ರ ಹಾಳಾಯಿತಲ್ಲ ಎಂದು ಕೊರಗುತ್ತ ಕೂರುತ್ತಿದ್ದರೇನೋ. ನನಗೆ ನಗು ಬಂತು. ಆಮೇಲೆ ಅತ್ತೆ ನೆನಪಾದರು...

ನಾನು ಮದುವೆಯಾಗಿ ಹೊನ್ನಾವರದಿಂದ ಧಾರೇಶ್ವರಕ್ಕೆ ಬಂದ ಹೊಸತು. ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿರಬೇಕು. ನಮ್ಮವರು ಕುಮಟೆಗೆ ಕೆಲಸಕ್ಕೆ ಹೋಗುತ್ತಿದ್ದುದು ಒಂದು ಹಳೆಯ ಬಿಳಿ ಕಾರಿನಲ್ಲಿ. ಭಟ್ಕಳದಲ್ಲಿ ಕಾರಿನ ಅಲಂಕಾರದ ಅಂಗಡಿ ಇಟ್ಟಿದ್ದ ಅವರ ಕಾಲೇಜು ಗೆಳೆಯ ಅದಕ್ಕೆ ನಾಲ್ಕು ಹೊಳೆಯುವ ಅಲಾಯ್ ಚಕ್ರ ಹಾಕಿಕೊಟ್ಟಿದ್ದ. ಕಾರು ಮುದುಕಿ, ಕಾಲುಗಳು ಮಾತ್ರ ಮದುಮಗಳದು. ನಮ್ಮವರು ಬೆಳಿಗ್ಗೆ ಎದ್ದು ನನ್ನ ಮುಖ ನೋಡುವ ಮೊದಲು ಅಂಗಳಕ್ಕಿಳಿದು ಆ ಚಕ್ರಗಳನ್ನು ನೋಡಿ ಬರುತ್ತಿದ್ದರು. ನಾಲ್ಕು ಸವತಿಯರ ಮನೆಗೆ ಬಂದೆನಲ್ಲ ಎಂದು ತವರಿನಲ್ಲಿ ಹೇಳಿ ನಗಿಸುತ್ತಿದ್ದೆ.

ಅತ್ತೆಯದು ಆ ಮನೆಯಲ್ಲಿ ಕೊನೆಯ ಮಾತು. ಕೈಯೂ ಚುರುಕು, ನಾಲಿಗೆಯೂ ಚುರುಕು. ನನ್ನನ್ನು ಚೆನ್ನಾಗಿಯೇ ನೋಡಿಕೊಂಡರು, ಸುಳ್ಳು ಹೇಳಬಾರದು. ಆದರೆ ತಪ್ಪಾಯಿತು ಎನ್ನುವ ಮಾತು ಅವರ ಬಾಯಲ್ಲಿ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಸಾರು ಉಪ್ಪಾದರೆ ಎರಡನೆಯ ಸಲ ತಾನೇ ಉಪ್ಪು ಹಾಕಿದ್ದು ಎನ್ನುತ್ತಿರಲಿಲ್ಲ. "ಈ ಸಲದ ಉಪ್ಪೇ ಜೋರು" ಎಂದುಬಿಡುತ್ತಿದ್ದರು. ನಾವು ತೆಪ್ಪಗೆ ಉಣ್ಣುತ್ತಿದ್ದೆವು.

ಆ ಬೇಸಿಗೆಯಲ್ಲಿ ಚಕ್ರಗಳ ಮೇಲೆ ಬಿಳಿ ಎಳೆಗಳು ಕಾಣಿಸಿಕೊಂಡವು, ಒಳಗೆ ಹುಳ ಹರಿದಾಡಿದ ಹಾಗೆ. ಆಮೇಲೆ ಮೇಲಿನ ಹೊಳಪಿನ ಪೊರೆ ಚಕ್ಕೆ ಚಕ್ಕೆಯಾಗಿ ಏಳತೊಡಗಿತು. ನಮ್ಮವರು ಉಗುರಿನಿಂದ ಕೆದಕಿದಷ್ಟೂ ಅದು ಬಿಚ್ಚುತ್ತ ಹೋಯಿತು. ಅವತ್ತು ಅವರು ಊಟವನ್ನೂ ಸರಿಯಾಗಿ ಮಾಡಲಿಲ್ಲ. ಗೆಳೆಯ ಡೂಪ್ಲಿಕೇಟ್ ಮಾಲು ಕೊಟ್ಟು ಟೋಪಿ ಹಾಕಿದ ಎಂದು ಫೋನಿನಲ್ಲಿ ಬಾಯಿಗೆ ಬಂದ ಹಾಗೆ ಬೈದರು. ಆತ ಗಾಡಿ ತಂದು ತೋರಿಸು ಎಂದಷ್ಟೇ ಹೇಳಿದನಂತೆ. ಭಾನುವಾರ ಹೋಗಿ ಅವನ ಮುಖಕ್ಕೆ ಹೇಳಿ ಬರುತ್ತೇನೆ, ಅಲ್ಲಿಗೆ ಅವನ ಗೆಳೆತನ ಮುಗಿಯಿತು ಎಂದರು ನಮ್ಮವರು. ಕಾಲೇಜಿನ ದಿನಗಳಲ್ಲಿ ಅದೇ ಗೆಳೆಯನ ಮನೆಯಲ್ಲಿ ಎಷ್ಟೋ ದಿನ ಉಂಡು ಮಲಗಿದವರು ಇವರು.

ಅವರು ಎದ್ದು ಹೋದ ಮೇಲೆ, ಅಡುಗೆಮನೆಯ ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆ ಮೊರದಿಂದ ಕಣ್ಣೆತ್ತದೆ ನನ್ನನ್ನು ಕೇಳಿದರು, "ಆ ಚಕ್ರಕ್ಕೆ ಹುಳಿ ತಾಗಿದ್ರೆ ಎಂತಾದ್ರೂ ಆಗ್ತದ್ಯೇ?"

ಯಾಕೆ ಎಂದು ಒತ್ತಿ ಕೇಳಿದ ಮೇಲೆ ಎಲ್ಲ ಹೇಳಿದರು. ಹಿಂದಿನ ನವರಾತ್ರಿಗೆ ನಾನು ತವರಿನಲ್ಲಿದ್ದೆ. ಆಯುಧಪೂಜೆಯ ದಿನ ಅತ್ತೆ ಹಿತ್ತಾಳೆ ದೀಪ, ತಂಬಿಗೆ, ಹರಿವಾಣ ಎಲ್ಲ ತಿಕ್ಕಿ ಮುಗಿಸಿದ್ದಾರೆ. ಹುಣಸೆಹಣ್ಣು, ಬೂದಿ, ತೆಂಗಿನ ನಾರು ಇನ್ನೂ ಮಿಕ್ಕಿತ್ತು. ಪೂಜೆ ಕಾರಿಗೂ ಇತ್ತಲ್ಲ! ಮಗನ ಪ್ರೀತಿಯ ಚಕ್ರ ದೀಪದ ಹಾಗೆ ಹೊಳೆಯಲಿ ಎಂದು ಅಂಗಳದಲ್ಲಿ ಕೂತು ನಾಲ್ಕನ್ನೂ ತಿಕ್ಕಿ ತಿಕ್ಕಿ ತೊಳೆದುಬಿಟ್ಟಿದ್ದರು. ಅವನಿಗೆ ಹೇಳಬೇಡ, ನಾನೇ ಹೇಳುತ್ತೇನೆ ಎಂದರು. ಆಯಿತು ಎಂದೆ. ಶನಿವಾರ ಕಳೆಯಿತು, ಹೇಳಲಿಲ್ಲ. ಭಾನುವಾರ ಬೆಳಿಗ್ಗೆ ಮಾತ್ರ ಸೀರೆ ಬದಲಿಸಿ ಬಂದು ಹಿಂದಿನ ಸೀಟಿನಲ್ಲಿ ನನ್ನ ಪಕ್ಕ ಕೂತರು.

ದಾರಿಯುದ್ದಕ್ಕೂ ನಮ್ಮವರು ಗೆಳೆಯನಿಗೆ ಬೈಯಬೇಕಾದ ಮಾತುಗಳನ್ನು ನಮಗೇ ಹೇಳಿ ತಾಲೀಮು ಮಾಡಿದರು. ಶರಾವತಿ ಸೇತುವೆ ದಾಟಿತು, ಅತ್ತೆ ಸೆರಗಿನ ತುದಿ ಹಿಂಡುತ್ತಿದ್ದರು. ಮುರ್ಡೇಶ್ವರದ ತಿರುವು ದಾಟಿತು, ಆಗಲೂ ಮಾತಿಲ್ಲ. ಸೊಸೆಯ ಎದುರು, ಮಗನ ಎದುರು, ಹೊರಗಿನವನ ಎದುರು... ಇವರಿಂದ ಆಗುವ ಮಾತಲ್ಲ ಎಂದುಕೊಂಡೆ. ನಾನೇ ಹೇಳಿಬಿಡಲೇ ಎಂದರೆ ಕೊಟ್ಟ ಮಾತು ಕಟ್ಟಿಹಾಕಿತ್ತು.

ಅಂಗಡಿಯ ಮುಂದೆ ಕಾರು ನಿಂತಿತು. ಗೆಳೆಯ ಕುಕ್ಕರಗಾಲಿನಲ್ಲಿ ಕೂತು ಚಕ್ರ ಸವರಿ, ಯಾವುದರಿಂದ ತೊಳೆದಿರಿ ಎಂದು ಕೇಳಿದ. ನೀರಿನಿಂದ, ಇನ್ಯಾವುದರಿಂದ ತೊಳೆಯುತ್ತಾರೆ ಎಂದು ನಮ್ಮವರು ದನಿ ಏರಿಸಿದರು. ಅಷ್ಟರಲ್ಲಿ ಕಾರಿನ ಬಾಗಿಲು ತೆರೆಯಿತು.

"ಅವಂಗೆ ಬೈಬೇಡ. ಹುಣಸೆಹಣ್ಣು ಹಾಕಿ ತಿಕ್ಕಿದ್ದು ನಾನು. ತಪ್ಪು ನಂದು."

ನಮ್ಮವರು ತಾಯಿಯ ಕಡೆ ತಿರುಗಿದರು. "ಎಂತ ಆಯಿ?" ಎಂದರು, ಅಷ್ಟೆ. ಗೆಳೆಯ ತಾಯಿಯ ಮುಖ ನೋಡಿದ, ಮಗನ ಮುಖ ನೋಡಿದ, ಆಮೇಲೆ ಹೊಟ್ಟೆ ಹಿಡಿದು ನಕ್ಕ. ಒಳಗಿನಿಂದ ಅತ್ತೆಗೆ ಕುರ್ಚಿ ತಂದು ಹಾಕಿದ. ಬೂದಿ, ನಾರು ಗೀರಿದ್ದು ನಿಜವೇ, ಆದರೆ ಆ ಗೀರಿನೊಳಗೆ ಹೊಕ್ಕು ಪೊರೆ ಎಬ್ಬಿಸಿದ್ದು ಸಮುದ್ರದ ಉಪ್ಪು ಗಾಳಿ, ಈ ಕರಾವಳಿಯಲ್ಲಿ ತಿಕ್ಕದಿದ್ದರೂ ಇನ್ನೆರಡು ವರ್ಷಕ್ಕೆ ಏಳುವುದೇ ಎಂದ. ಹೋದದ್ದು ಮೇಲಿನ ಪೊರೆ, ಚಕ್ರ ಗಟ್ಟಿಯಾಗಿದೆ. ಹಳೆಯದನ್ನೆಲ್ಲ ಕೆರೆದು ತೆಗೆದು, ಉಜ್ಜಿ, ಬಣ್ಣ ಹೊಡೆದು ಮತ್ತೆ ಪೊರೆ ಹಾಕಿಕೊಡುತ್ತೇನೆ ಎಂದ. ನಮ್ಮವರು ಅವನ ಹೆಗಲ ಮೇಲೆ ಕೈಯಿಟ್ಟರು. ಏನು ಹೇಳಿದರೋ ನನಗೆ ಕೇಳಲಿಲ್ಲ. ಊಟಕ್ಕೆ ಮಾತ್ರ ಅವನ ಮನೆಗೇ ಹೋದೆವು. ಮನಸ್ಸು ಎಷ್ಟು ಹಗುರಾಯಿತು ಅಂದರೆ, ನಾನು ಎರಡು ಸಲ ಬಡಿಸಿಕೊಂಡು ಉಂಡೆ.

ವಾಪಸು ಬರುವಾಗ ಶರಾವತಿಯ ಮೇಲೆ ಗಾಳಿ ಬೀಸುತ್ತಿತ್ತು. ಅತ್ತೆ ಕಿಟಕಿಯಾಚೆ ಹೊಳೆ ಸಮುದ್ರ ಸೇರುವ ಅಳಿವೆಯ ಕಡೆ ನೋಡುತ್ತ ಗಂಭೀರವಾಗಿ ಹೇಳಿದರು, "ನಾ ಹೇಳೂದಲ್ವಾ... ಈ ಊರ ಉಪ್ಪೇ ಜೋರು." ಸೇತುವೆ ಇಳಿದ ಕೂಡಲೇ ನಮ್ಮವರು ಕಾರನ್ನು ಬದಿಗೆ ಹಾಕಿ ಸ್ಟಿಯರಿಂಗ್ ಮೇಲೆ ತಲೆಯಿಟ್ಟು ನಕ್ಕರು. ಅತ್ತೆಯೂ ನಕ್ಕರು. ಆ ಮನೆ ನನ್ನದು ಎಂದು ನನಗೆ ಮೊದಲ ಸಲ ಅನಿಸಿದ್ದು ಆಗಲೇ.

ಮರುವರ್ಷದ ಆಯುಧಪೂಜೆಗೆ ಅವರು ಮೆತ್ತಗಿನ ಹಳೆಯ ಪಂಚೆ ಒದ್ದೆ ಮಾಡಿ, ಕೂಸಿನ ಮೈ ಒರೆಸಿದಂತೆ ಚಕ್ರ ಒರೆಸಿದರು. ಕುಂಕುಮವನ್ನೂ ಚಕ್ರ ಬಿಟ್ಟು ಟಯರಿಗೇ ಹಚ್ಚಿದರು. ಆ ಕಾರು ಆಮೇಲೆ ಯಾರದೋ ಪಾಲಾಯಿತು. ಅತ್ತೆಯೂ ಹೋಗಿ ಈಗ ಕೆಲವು ವರ್ಷ...

ಬೆರಳಿಗಂಟಿದ ಪೊರೆಯನ್ನು ಒಯ್ದು ನಮ್ಮವರಿಗೆ ತೋರಿಸಿದೆ. ಪೇಪರು ಕೆಳಗಿಟ್ಟು, ಹುಬ್ಬು ಗಂಟಿಕ್ಕಿ, "ಈ ಸಲ ತಿಕ್ಕಿದ್ದು ಯಾರು?" ಎಂದರು. ಇಬ್ಬರೂ ನಕ್ಕೆವು. ನಗು ನಿಂತ ಮೇಲೂ ಅವರು ಒಂದು ಗಳಿಗೆ ಅಡುಗೆಮನೆಯ ಬಾಗಿಲ ಕಡೆಗೇ ನೋಡುತ್ತಿದ್ದರು.