ಸಿಕ್ಕಿಕೊಳ್ಳುವುದಕ್ಕೊಂದು ಇಂಗ್ಲಿಷ್ ಪದ

ಮಹಾರಾಷ್ಟ್ರದ ಗಡಿಯೊಳಗಿರುವ ವಳಸಂಗದ ಕನ್ನಡ ಶಾಲೆಯಲ್ಲಿ ನಾನು ಇಂಗ್ಲಿಷ್ ಶಿಕ್ಷಕಿ. ಮದುವೆಯಾಗಿಲ್ಲ. ಹುಟ್ಟೂರು ಡಫಳಾಪುರ. ಅಲ್ಲಿ ಅಣ್ಣಂದಿರ ಸಂಸಾರಗಳಿವೆ. ಹಬ್ಬಕ್ಕೆ ಹೋದರೆ ಪ್ರೀತಿಯಿಂದಲೇ ಮಾತಾಡಿಸುತ್ತಾರೆ, ಆದರೆ ಮರುದಿನದ ಹೊತ್ತಿಗೆ ಆ ಮನೆಯಲ್ಲಿ ನಾನು ಎಲ್ಲಿ ಕೂರಬೇಕೆಂಬುದು ನನಗೇ ತಿಳಿಯುವುದಿಲ್ಲ. ಹಾಗಾಗಿ ಬೇಗ ಬಾಡಿಗೆ ಕೋಣೆಗೆ ಮರಳುತ್ತೇನೆ. ಶಾಲೆ ಬಿಟ್ಟ ಮೇಲೆ ಮರುದಿನದ ಪ್ರಾರ್ಥನೆಯವರೆಗೂ ಒಂದು ಮಾತನ್ನೂ ಆಡದೆ ಕಳೆದ ದಿನಗಳು ಎಷ್ಟೋ.

ಅಂಥ ದಿನಗಳಲ್ಲೇ ಪಕ್ಕದ ಮನೆಯ ಸೊಸೆ ನನ್ನಲ್ಲಿಗೆ ಬರತೊಡಗಿದ್ದು. ಅವಳ ಗಂಡ ಕುರಿ ಹಿಂಡಿನ ಜೊತೆ ವರ್ಷದ ಹೆಚ್ಚಿನ ಕಾಲ ಊರೂರು ತಿರುಗುತ್ತಿದ್ದ. ಅವಳು ಬಿ.ಎ. ಮುಗಿಸಿ ಸರ್ಕಾರಿ ಕಚೇರಿಯ ಕಾರಕೂನ ಕೆಲಸದ ಪರೀಕ್ಷೆಗೆ ಓದುತ್ತಿದ್ದಳು.

"ಬಾಯಾರ, ಮರಾಠಿ, ಗಣಿತ ಎಲ್ಲಾ ಚಲೋ ಆಗ್ಯಾವ್ರಿ. ಇಂಗ್ಲಿಷ್ ಒಂದ ಕೈಗೆ ಹತ್ತವಲ್ದು. ಸಂಜೀಕ ಸ್ವಲ್ಪ ಹೇಳಿಕೊಡ್ತೀರೇನ್ರಿ?" ಎಂದು ಬಾಗಿಲಲ್ಲಿ ನಿಂತೇ ಕೇಳಿದಳು.

"ಒಳಗ ಬಾ ತಂಗಿ, ಕುಂದ್ರು," ಎಂದೆ. ಆವತ್ತಿನಿಂದ ನನ್ನ ಸಂಜೆಗಳು ಅವಳಿಗಾಗಿ ಕಾಯತೊಡಗಿದವು.

ಒಂದು ಸಂಜೆ ಸಮಾನಾರ್ಥಕ ಪದಗಳ ಪಾಠ ನಡೆದಿತ್ತು. 'ಎಂಟ್ಯಾಂಗಲ್' ಎಂಬ ಕ್ರಿಯಾಪದ ಬಂತು. ಕ್ಯಾಚ್, ಟ್ರ್ಯಾಪ್, ಸ್ನೇರ್ ಎಲ್ಲ ಅದರ ಹತ್ತಿರದವೇ, ಆದರೆ ಒಂದರ ಜಾಗಕ್ಕೆ ಇನ್ನೊಂದು ಎಲ್ಲ ಕಡೆ ಹೊಂದುವುದಿಲ್ಲ ಎಂದು ಹೇಳಿದೆ. ಟ್ರ್ಯಾಪ್, ಸ್ನೇರ್ ಎಂದರೆ ಸಾಮಾನ್ಯವಾಗಿ ಬಲೆಯೋ ಉರುಲೋ ಒಡ್ಡಿದವನೊಬ್ಬ ಇರುತ್ತಾನೆ. ಎಂಟ್ಯಾಂಗಲ್‌ಗೆ ಅಂಥವನು ಬೇಕೆಂದೇನಿಲ್ಲ. ದಾರ, ಕೂದಲು, ಬಳ್ಳಿ, ಎಲ್ಲಾ ಕಡೆಯಿಂದ ಸುತ್ತಿಕೊಂಡು ಬಿಡಿಸಲು ಬಾರದಂತಾದರೆ ಆ ಪದ.

"ಕುರಿ ಉಣ್ಣೆ ಜಾಲಿ ಕಂಟ್ಯಾಗ ಸಿಕ್ಕೊಂತೈತಲ್ರಿ, ಹಂಗ," ಎಂದವಳು ಅದನ್ನೇ ಇಂಗ್ಲಿಷಿನಲ್ಲೂ ಸರಿಯಾಗಿಯೇ ವಾಕ್ಯ ಮಾಡಿದಳು. ಆಮೇಲೆ, "ಇನ್ನೊಂದ್ ಮಾಡ್ಲೇನ್ರಿ? ಐ ಆಮ್ ಎಂಟ್ಯಾಂಗಲ್ಡ್ ವಿತ್ ಯೂ, ಟೀಚರ್," ಎಂದಳು.

ನನಗೆ ನಗು ಬಂತು. "ಹಂಗ ಅನ್ನಬಾರದು. ಮನುಷ್ಯಾರ ಜೋಡಿ ಹೇಳಿದ್ರ ಅದು ಕೆಟ್ಟ ಸಂಬಂಧ, ಭಾನಗಡಿ ಅಂದಂಗ ಆಗ್ತೈತಿ."

"ಮರಾಠ್ಯಾಗ ಜೀವ ಗುಂತಲಾ ಅಂತಾರಲ್ರಿ? ಅದರಾಗ ಕೆಟ್ಟದ್ದೇನೈತಿ?"

ಅವಳು ಹೇಳಿದ್ದು ನಿಜ. ದಾರ ಸಿಕ್ಕುಗಟ್ಟುವುದಕ್ಕೂ ಒಬ್ಬರ ಮೇಲೆ ಜೀವ ಹತ್ತುವುದಕ್ಕೂ ಮರಾಠಿಯಲ್ಲಿ ಒಂದೇ ಮಾತಿದೆ. "ಇಂಗ್ಲಿಷಿನಾಗ ಅದಕ್ಕ ಅಟ್ಯಾಚ್ಡ್ ಅನ್ನು," ಎಂದು ತಿದ್ದಿದೆ. ಅವಳು ಹೋದ ಮೇಲೆ ಬಹಳ ಹೊತ್ತು ದೀಪ ಹಾಕದೆ ಕೂತಿದ್ದೆ. ಯಾರೋ ನನ್ನ ಬಗ್ಗೆ ಅಂಥ ವಾಕ್ಯವೊಂದನ್ನು ಮಾಡಿದ್ದು, ತಪ್ಪಾಗಿಯಾದರೂ, ಅದೇ ಮೊದಲು.

ಪರೀಕ್ಷೆ ಸಾಂಗಲಿಯಲ್ಲಿತ್ತು. ಒಬ್ಬಳೇ ಹೋಗಲು ಅಂಜಿಕೆ ಎಂದು ನನ್ನನ್ನೂ ಕರೆದಳು. ಬೆಳಿಗ್ಗೆ ತಾಲೂಕು ಕೇಂದ್ರವಾದ ಜತ್ತದಲ್ಲಿ ಬಸ್ ಹಿಡಿಯಬೇಕೆಂದು ಮೈದುನನ ಸ್ಕೂಟಿ ತಂದಳು. ನಾನು ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂತೆ. ಊರು ದಾಟಿ ಸ್ವಲ್ಪ ದೂರ ಹೋಗಿರಬಹುದು, ಗಾಳಿಗೆ ಬಿಚ್ಚಿದ ಸೆರಗು ಹಿಂದಿನ ಗಾಲಿಗೆ ಸುತ್ತಿಕೊಂಡಿತು. ಕುತ್ತಿಗೆ ಹಿಂದಕ್ಕೆ ಜಗ್ಗಿದ್ದು ಗೊತ್ತಾಯಿತು, ಮರುಕ್ಷಣ ರಸ್ತೆಯ ಮೇಲಿದ್ದೆ. ಸೀರೆ ಕೊರಳಿಗೆ ಬಿಗಿದಿತ್ತು, ಕೂಗಲು ಉಸಿರಿರಲಿಲ್ಲ.

"ಅಳ್ಳಾಡಬ್ಯಾಡ್ರಿ ಬಾಯಾರ," ಎಂದವಳು ಗಾಲಿ ಹಿಂದಕ್ಕೆ ತಿರುಗಿಸಿ ನೋಡಿದಳು, ಅದು ಜಗ್ಗಲಿಲ್ಲ. ಆಗ ಮಂಡಿಯೂರಿ ಸೀರೆಯ ಅಂಚನ್ನು ಹಲ್ಲಿನಿಂದ ಕಚ್ಚಿ, ಎರಡೂ ಕೈಯಿಂದ ಹರಿದಳು. ಉಸಿರು ಬಂತು. ಹೆಗಲು ಎತ್ತಲಾಗುತ್ತಿರಲಿಲ್ಲ.

"ನೀ ನಡಿ. ಬಸ್ ತಪ್ಪತೈತಿ," ಎಂದೆ.

"ಸುಮ್ನಿರ್ರಿ."

"ನಾ ಹೇಳೂದು ಕೇಳು. ಯಾರರ ಬರ್ತಾರ, ನಾ ದವಾಖಾನಿಗೆ ಹೋಗ್ತೀನಿ."

"ನಿಮ್ಮನ್ನ ದಾರ್ಯಾಗ ಕುಂದ್ರಿಸಿ ನಾ ಏನು ಬರೀಲ್ರಿ ಅಲ್ಲಿ?" ಎಂದು ತನ್ನ ಚೂಡಿದಾರದ ಓಢಣಿಯನ್ನು ನನಗೆ ಹೊದಿಸಿದಳು. ಹಾಲಿನ ಗಾಡಿಯವನೊಬ್ಬ ನಮ್ಮನ್ನು ಜತ್ತಕ್ಕೆ ಮುಟ್ಟಿಸಿದ. ಹೆಗಲಿನ ಎಲುಬು ಮುರಿದಿದೆ ಎಂದರು ಡಾಕ್ಟರು. ಕಟ್ಟು ಹಾಕಿಸಿ ಹೊರಗೆ ಬರುವಷ್ಟರಲ್ಲಿ ಸಾಂಗಲಿಯಲ್ಲಿ ಪರೀಕ್ಷೆಯ ಬಾಗಿಲು ಹಾಕಿಯಾಗಿತ್ತು. ಅವಳು ಬಸ್ ನಿಲ್ದಾಣದ ಎದುರು ಚಹಾ ಕುಡಿಸಿ, ಕಪ್ಪು ನನ್ನ ಬಾಯಿಗೆ ತಾನೇ ಹಿಡಿದಳು.

ಕಟ್ಟು ಬಿಚ್ಚುವವರೆಗೂ ಅವಳ ಮನೆಯಿಂದಲೇ ರೊಟ್ಟಿ, ಪಲ್ಯ ಬಂದವು. ದಿನಾ ಮುಂಜಾನೆ ಬಂದು ನನ್ನ ತಲೆ ಬಾಚುತ್ತಿದ್ದಳು. ಅವ್ವ ಹೋದ ಮೇಲೆ ನನ್ನ ತಲೆಗೆ ಇನ್ನೊಬ್ಬರ ಕೈ ತಾಗಿರಲಿಲ್ಲ. ಅವಳು ಬೆನ್ನ ಹಿಂದೆ ಕೂತು ಕೂದಲಿನ ಸಿಕ್ಕು ಬಿಡಿಸುವಾಗ ನನ್ನ ಕಣ್ಣು ತುಂಬುತ್ತಿದ್ದುದು ಅವಳಿಗೆ ಕಾಣುತ್ತಿರಲಿಲ್ಲ.

ಮುಂದಿನ ಸಲದ ಪರೀಕ್ಷೆಯಲ್ಲಿ ಅವಳು ಪಾಸಾದಳು. ಕೊಂಕಣದ ಕಡೆ, ಸಮುದ್ರದ ದಂಡೆಯ ಊರಿಗೆ ಹಾಕಿದರು. ಗಂಡ ಹಿಂಡನ್ನು ತಮ್ಮನಿಗೆ ಒಪ್ಪಿಸಿ ಅವಳ ಜೊತೆ ಹೊರಟ. ಹೋಗುವ ದಿನ ಕಾಲಿಗೆ ಬಿದ್ದಳು. "ಹೋಗಿ ಬರ್ತೀನ್ರಿ" ಎಂದಷ್ಟೇ ಅಂದಳು. "ಹುಷಾರ ತಂಗಿ," ಎಂದೆ.

ಮೊದಮೊದಲು ದಿನಾ ಫೋನ್ ಮಾಡುತ್ತಿದ್ದಳು. ಆಮೇಲೆ ಭಾನುವಾರಗಳಿಗೆ ಮಾತ್ರ. ಈಗ ಹಬ್ಬಗಳಿಗೆ. ಅವಳಿಗೊಂದು ಮಗುವಾಗಿದೆ, ಕಚೇರಿಯ ಕೆಲಸವೂ ಬಹಳ. ಅದರಲ್ಲಿ ತಪ್ಪೇನಿಲ್ಲ.

ಹೋದ ಬೇಸಿಗೆಯಲ್ಲಿ, "ಸೂಟಿ ಐತಲ್ರಿ, ಸಮುದ್ರ ನೋಡಾಕ ಬರ್ರಿ," ಎಂದು ಕರೆದಳು. ನೋಡೋಣ ಎಂದೆ. ಚೀಲಕ್ಕೆ ಎರಡು ಸೀರೆಗಳನ್ನೂ ಹಾಕಿದೆ. ಅವಳ ಮನೆಯಲ್ಲೂ ಮರುದಿನ ಎಲ್ಲಿ ಕೂರಬೇಕೆಂದು ತಿಳಿಯದೆ ಹೋದರೆ ಎಂಬ ಅಂಜಿಕೆಯಿಂದ ಮತ್ತೆ ತೆಗೆದೆ. ರಜೆ ಮುಗಿಯಿತು. ಶಾಲೆಯಲ್ಲಿ ಹೊಸ ಮಕ್ಕಳು ಬಂದಿದ್ದಾರೆ. ಸಂಜೆ ಮನೆಗೆ ಬಂದು ಬಾಗಿಲು ತೆರೆದಿಟ್ಟು ಕೂರುತ್ತೇನೆ. ಎದುರಿನ ರಸ್ತೆಯಲ್ಲಿ ಜತ್ತದ ಬಸ್ಸು ಧೂಳೆಬ್ಬಿಸಿ ಹೋಗುತ್ತದೆ.